ತಂಬಿಗೆ ಕಲಿಸಿದ ಪಾಠ

ಮಕ್ಕಳು ವೈದ್ಯಶಾಸ್ತ್ರವನ್ನೋ ಇಂಜಿನಿಯರಿಂಗನ್ನೋ ಓದುತ್ತೇವೆಂದರೆ ನಮ್ಮ ಮನೆಗಳಲ್ಲಿ ಹಿರಿಯರು ಹಿಗ್ಗುತ್ತಾರೆ. ವಿನ್ಯಾಸಕಲೆಯನ್ನು ಓದುತ್ತೇವೆಂದರೆ ಮಾತ್ರ 'ಅದೂ ಒಂದು ವಿದ್ಯೆಯೇ?' ಎಂದು ಹುಬ್ಬೇರಿಸುತ್ತಾರೆ. ಹಾಗೆ ಹುಬ್ಬೇರಿಸಿದವರಲ್ಲಿ ನಾವೂ ಒಬ್ಬರೆಂಬುದನ್ನು ಮರೆಮಾಚದೆ ಹೇಳಬೇಕಾಗಿದೆ.

ಕೆಲವು ವರ್ಷಗಳ ಹಿಂದೆ ಸದ್ಭಕ್ತರೊಬ್ಬರು ವಿನ್ಯಾಸ ಕಲಿಯುತ್ತಿದ್ದ ತಮ್ಮ ಮಗಳನ್ನು ನಮ್ಮಲ್ಲಿಗೆ ಕರೆತಂದು, ಆಕೆಗೆ ನಾಲ್ಕು ಬುದ್ಧಿಮಾತು ಹೇಳಬೇಕೆಂದು ಬಿನ್ನವಿಸಿಕೊಂಡರು. ನಾವೂ ಹೇಳಿದೆವು. ಆಕೆ ಎಲ್ಲವನ್ನೂ ಶಾಂತವಾಗಿ ಆಲಿಸಿ, ಗೃಹಸ್ಥರಿಗಾಗಿ ನಾವು ಸಂಪಾದಿಸಿದ್ದ ಇಷ್ಟಲಿಂಗಪೂಜಾವಿಧಿಯ ಕಿರುಹೊತ್ತಗೆಯನ್ನು ಚೀಲದಿಂದ ಹೊರತೆಗೆದಳು. "ಅಜ್ಜಿ ಇದನ್ನು ನಿತ್ಯವೂ ಕೈಯಲ್ಲಿ ಹಿಡಿಯುತ್ತಾರೆ. ಆದರೆ ಓದಲಾರರು, ಅಕ್ಷರಗಳು ಅಷ್ಟು ಸಣ್ಣವು" ಎಂದಳು. ಕಾಗದ ಉಳಿಯಲೆಂದು ಅಕ್ಷರಗಳನ್ನು ಕಿರಿದುಗೊಳಿಸಿದವರು ನಾವೇ. ಪಾಠಶುದ್ಧಿಗಾಗಿ ತಿಂಗಳುಗಟ್ಟಲೆ ಶ್ರಮಿಸಿದ್ದ ನಮಗೆ ಓದುವ ಕಣ್ಣುಗಳ ನೆನಪೇ ಬಂದಿರಲಿಲ್ಲ. ಬುದ್ಧಿ ಹೇಳಲು ಕುಳಿತವರೇ ಹೇಳಿಸಿಕೊಂಡಂತಾಯಿತು. ಆಕೆ ಓದುವ ಗ್ರಂಥಗಳಾವುವೆಂದು ಕೇಳಿ, ಒಂದೊಂದಾಗಿ ತರಿಸಿ ಓದಿದೆವು.

ಮೊದಲನೆಯದು, ಅಮೆರಿಕದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಗಳು 1958ರಲ್ಲಿ ಭಾರತ ಸರ್ಕಾರಕ್ಕೆ ಸಲ್ಲಿಸಿದ 'ಇಂಡಿಯಾ ರಿಪೋರ್ಟ್'. 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಲು ಆಧಾರವಾದ ಬರಹವಿದು. ನಾಡನ್ನು ಸುತ್ತಿದ ಆ ದಂಪತಿಗಳ ಮನಸೆಳೆದ ವಸ್ತು ಯಾವುದೆಂದು ಬಲ್ಲಿರಾ? ನಮ್ಮ ನಿತ್ಯದ ತಂಬಿಗೆ! ಅದು ಎಷ್ಟು ನೀರು ಹಿಡಿಯಬೇಕು, ತಲೆಯ ಮೇಲೋ ಸೊಂಟದಲ್ಲೋ ಹೇಗೆ ಹೊರಬೇಕು, ತುಂಬಿದಾಗಲೂ ಬರಿದಾದಾಗಲೂ ಸಮತೋಲ ಹೇಗಿರಬೇಕು, ಸುರಿಯಲೂ ತೊಳೆಯಲೂ ಬಾಯಿ ಹೇಗಿರಬೇಕು ಎಂದೆಲ್ಲ ಅವರು ವಿಚಾರಿಸುತ್ತಾರೆ. ಅದನ್ನು ರೂಪಿಸಿದವನು ಒಬ್ಬನಲ್ಲ, ಅನೇಕ ತಲೆಮಾರುಗಳೆಂದು ತೋರಿಸಿಕೊಡುತ್ತಾರೆ. ಬಾಲ್ಯದಿಂದ ತಂಬಿಗೆ ಹಿಡಿದ ಈ ಕೈಗಳು ಅದನ್ನು ಎಂದೂ ಹೀಗೆ ನೋಡಿರಲಿಲ್ಲ.

ಎರಡನೆಯದು, ಡೊನಾಲ್ಡ್ ನಾರ್ಮನ್ ಅವರು 1988ರಲ್ಲಿ ಪ್ರಕಟಿಸಿದ, ಈಗ 'ದಿ ಡಿಸೈನ್ ಆಫ್ ಎವೆರಿಡೇ ಥಿಂಗ್ಸ್' ಎಂದು ಪ್ರಸಿದ್ಧವಾದ ಗ್ರಂಥ. ಬಾಗಿಲನ್ನು ತಳ್ಳಬೇಕೋ ಎಳೆಯಬೇಕೋ ತಿಳಿಯದೆ ಜನ ತಬ್ಬಿಬ್ಬಾದರೆ ತಪ್ಪು ಬಳಸುವವರದಲ್ಲ, ರೂಪಿಸಿದವರದು ಎಂಬುದು ಇದರ ತಿರುಳು. ಅಜ್ಜಿಯ ಕಣ್ಣುಗಳನ್ನು ದೂರಲು ನಮಗಿನ್ನು ಆಸ್ಪದವೇ ಉಳಿಯಲಿಲ್ಲ. ಮೂರನೆಯದು, ವಿಕ್ಟರ್ ಪಪನೆಕ್ ಅವರ 'ಡಿಸೈನ್ ಫಾರ್ ದಿ ರಿಯಲ್ ವರ್ಲ್ಡ್' (1971). ಬಡವರು, ವೃದ್ಧರು, ಅಂಗವಿಕಲರು ಇವರನ್ನು ಮರೆತು ಉಳ್ಳವರ ಮೋಹವನ್ನಷ್ಟೇ ತಣಿಸುವ ವಿನ್ಯಾಸವನ್ನು ಇದು ಕಟುವಾಗಿ ಖಂಡಿಸುತ್ತದೆ. ಸಂಪಾದನೆಗೆ ನೀತಿಯ ಎಲ್ಲೆ ಹಾಕಿಕೊಳ್ಳಬೇಕಾದ ಯುವಕರು ಅವಶ್ಯ ಓದಬೇಕಾದುದು.

ನಾಲ್ಕನೆಯದು, ಜಪಾನಿನ ಯನಾಗಿ ಸೊಯೆತ್ಸು ಅವರ ಬರಹಗಳಿಂದ 1972ರಲ್ಲಿ ಇಂಗ್ಲಿಷಿಗೆ ಬಂದ 'ದಿ ಅನ್‌ನೋನ್ ಕ್ರಾಫ್ಟ್ಸ್‌ಮನ್'. ಹೆಸರು ಬಯಸದ ಸಾಮಾನ್ಯ ಕುಶಲಕರ್ಮಿಯ ನಿತ್ಯದ ಬಟ್ಟಲಿನಲ್ಲಿಯೇ ಸೌಂದರ್ಯವಿದೆಯೆಂದು ಬೌದ್ಧಚಿಂತನೆಯ ಬೆಳಕಿನಲ್ಲಿ ಅವರು ವಿವರಿಸುತ್ತಾರೆ. ಅವರ ದಾರಿ ಬೇರೆ, ಶರಣರ ದಾರಿ ಬೇರೆ. ಆದರೂ ಬಿದಿರು ಹೆಣೆದ ಮೇದಾರ ಕೇತಯ್ಯನವರನ್ನೂ ಮಗ್ಗದ ಮುಂದೆ ಕುಳಿತ ಜೇಡರ ದಾಸಿಮಯ್ಯನವರನ್ನೂ ನೆನೆಯದೆ ನಾವು ಅದನ್ನು ಓದಲಾಗಲಿಲ್ಲ. ಕಾಯಕವನ್ನು ಕುರಿತು ನಾಲ್ಕು ದಶಕ ಉಪನ್ಯಾಸ ಮಾಡಿದ ನಾವು, ಕಾಯಕದಿಂದ ಹೊರಬಂದ ವಸ್ತು ಬಳಸುವವರ ಕೈಗೆ ಒಗ್ಗಿತೇ ಎಂದು ಕೇಳಿಯೇ ಇರಲಿಲ್ಲ.

ನಮ್ಮ ಹೊತ್ತಗೆಯ ಮರುಮುದ್ರಣಕ್ಕೆ ಅಕ್ಷರಗಳನ್ನು ಆ ಹುಡುಗಿಯೇ ಆಯ್ದಳು. ಪುಟಗಳೂ ಹೆಚ್ಚಿದವು, ವೆಚ್ಚವೂ ಹೆಚ್ಚಿತು. ಪ್ರತಿ ಕೈಸೇರುವ ವೇಳೆಗೆ ಅಜ್ಜಿ ಲಿಂಗೈಕ್ಯರಾಗಿದ್ದರು. ಆ ಕೊರಗು ನಮ್ಮಲ್ಲಿ ಉಳಿದಿದೆ.

ತಾಯಿತಂದೆಗಳಲ್ಲಿ ನಮ್ಮ ವಿನಂತಿಯಿಷ್ಟೆ: ನಿಮ್ಮ ಮಕ್ಕಳು ಈ ವಿದ್ಯೆಯನ್ನು ಆರಿಸಿಕೊಂಡರೆ ತಡೆಯುವ ಮುನ್ನ ಇವುಗಳಲ್ಲಿ ಒಂದನ್ನಾದರೂ ಅವರೊಡನೆ ಕುಳಿತು ಓದಿರಿ. ಬೇಸಿಗೆಯ ರಜೆಯಲ್ಲಿ 'ಇಂಡಿಯಾ ರಿಪೋರ್ಟ್'ನಿಂದ ಆರಂಭಿಸಬಹುದು. ಅದರ ಪುಟಗಳು ಕೆಲವೇ, ತಂಬಿಗೆಯಂತೂ ಮನೆಯಲ್ಲಿದ್ದೇ ಇದೆ.