ಕಟೋಂಗಿನ ಅಡುಗೆಮನೆ

ಸಿಂಗಪುರವೆಂದೊಡನೆ ನಮ್ಮಲ್ಲಿ ಹಲವರಿಗೆ ಮುಗಿಲು ಮುಟ್ಟುವ ಕಟ್ಟಡಗಳೂ ಅಂಗಡಿಸಾಲುಗಳೂ ನೆನಪಿಗೆ ಬರುತ್ತವೆ. ಆದರೆ ಆ ನಗರದ ಪೂರ್ವಭಾಗದಲ್ಲಿ ಕಟೋಂಗ್ ಎಂಬ ಹಳೆಯ ಬಡಾವಣೆಯೊಂದಿದೆ. ಒಂದು ಕಾಲಕ್ಕೆ ಇದು ಕಡಲ ಕರೆಯಲ್ಲಿತ್ತು. 1966ರಿಂದ ಸಮುದ್ರಕ್ಕೆ ಮಣ್ಣು ತುಂಬಿ ನೆಲ ಮಾಡುತ್ತ ಬಂದುದರಿಂದ ಅಲೆಗಳು ದೂರ ಸರಿದವು. ಇಲ್ಲಿಯ ಕೂನ್ ಸೆಂಗ್ ರಸ್ತೆಯಲ್ಲಿ ಗುಲಾಬಿ, ತಿಳಿಹಸಿರು, ಆಕಾಶನೀಲಿ ಬಣ್ಣದ ಮನೆಗಳು ಒಂದಕ್ಕೊಂದು ಭುಜ ತಾಗಿಸಿಕೊಂಡು ನಿಂತಿವೆ. ಗೋಡೆಗಳಲ್ಲಿ ಹೂವಿನ ಚಿತ್ರದ ಬಿಲ್ಲೆಗಳು. ಹೆಬ್ಬಾಗಿಲ ಮುಂದೆ ಕೆತ್ತನೆಯ ಅರ್ಧಬಾಗಿಲು. ನೋಡುವವರು ಚಿತ್ರ ತೆಗೆದುಕೊಂಡು ಹೊರಟುಹೋಗುತ್ತಾರೆ. ನಮಗೆ ಒಂದು ಮನೆಯ ಒಳಗೆ ಹೋಗುವ ಯೋಗ ಒದಗಿತು.

ಈ ಮನೆಗಳ ಜನರನ್ನು ಪೆರಾನಕನ್ನರು ಎನ್ನುತ್ತಾರೆ. ಮಲಯ ಭಾಷೆಯಲ್ಲಿ ‘ಅನಕ್’ ಎಂದರೆ ಮಗು. ಪೆರಾನಕನ್ ಎಂದರೆ ಈ ನೆಲದಲ್ಲಿಯೇ ಹುಟ್ಟಿದವನು. ಶತಮಾನಗಳ ಹಿಂದೆ ಮಲಕ್ಕಾಕ್ಕೆ ವ್ಯಾಪಾರಕ್ಕಾಗಿ ಬಂದು ನೆಲೆಸಿದ ಚೀನೀಯರ ಸಂತತಿ ಇದು. ಗಂಡಸರು ಬಾಬಾ, ಹೆಂಗಸರು ನ್ಯೋನ್ಯ. ದೇವರು ಪಿತೃಗಳು ಚೀನದವರು, ಮನೆಯ ಮಾತು ಮಲಯ, ಉಡುವುದು ಸರೋಂಗ್ ಮತ್ತು ಕೆಬಾಯ. ಅಡುಗೆಯೋ, ಎರಡೂ ಕಡೆಯದು: ಚೀನದ ಹಂದಿಮಾಂಸಕ್ಕೆ ಮಲಯದ ತೆಂಗಿನ ಹಾಲು, ಹುಣಿಸೆ, ಅರಿಸಿನ, ಮೆಣಸಿನಕಾಯಿ.

ನನ್ನ ತಂಗಿಯ ಮಗ ಆ ನಗರದಲ್ಲಿ ಕೆಲಸದಲ್ಲಿದ್ದಾನೆ. ಅವನ ಕಚೇರಿಯ ತರುಣಿಯೊಬ್ಬಳು ನನ್ನನ್ನೂ ನನ್ನ ಪತ್ನಿಯನ್ನೂ ತನ್ನ ಅಜ್ಜಿಯ ಮನೆಗೆ ಕರೆದಳು. ಅಂದು ತೀರಿಕೊಂಡ ಅಜ್ಜನ ತಿಥಿ. ಇಲ್ಲಿ ಅಜ್ಜಿಯನ್ನು ‘ಮಾಮಾ’ ಎಂದು ಕರೆಯುತ್ತಾರೆ. ಎಂಬತ್ತು ದಾಟಿದ ಆ ಮುದುಕಿಯನ್ನು ಮೊಮ್ಮಗಳು ಹಾಗೆ ಕೂಗಿದಾಗಲೆಲ್ಲ ನನ್ನ ಪತ್ನಿ ಸೋದರಮಾವ ಎಲ್ಲಿಂದ ಬಂದನೆಂದು ಬಾಗಿಲ ಕಡೆ ನೋಡುತ್ತಿದ್ದಳು!

ಅಡುಗೆಮನೆಯಲ್ಲಿ ನಮಗೆ ಮೊದಲು ಕಂಡದ್ದು ಕಲ್ಲಿನ ಒರಳು. ಅದರ ಪಕ್ಕದಲ್ಲಿ ನಮ್ಮ ಅರೆಯುವ ಕಲ್ಲಿನ ಒಡಹುಟ್ಟಿದಂತಿದ್ದ ‘ಬತು ಗಿಲಿಂಗ್’. ಮಸಾಲೆಯನ್ನು ಅವರು ‘ರೆಂಪಾ’ ಎನ್ನುತ್ತಾರೆ. ಮಜ್ಜಿಗೆಹುಲ್ಲಿನ ಬುಡ, ಶುಂಠಿಯ ಜಾತಿಯ ಗಟ್ಟಿ ಗೆಡ್ಡೆ ಮೊದಲು ನುಣ್ಣಗಾಗಬೇಕು. ನೀರೊಡೆಯುವ ಸಣ್ಣ ಈರುಳ್ಳಿ ಕೊನೆಗೆ. ಹಿಂದೆ ಹೆಣ್ಣು ನೋಡಲು ಬಂದ ಬೀಗಿತಿಯರು ಹೊರಗೆ ಕುಳಿತೇ ಒರಳಿನ ಸದ್ದಿಗೆ ಕಿವಿಗೊಡುತ್ತಿದ್ದರಂತೆ. ಕುಟ್ಟುವ ಲಯ ಕೇಳಿದರೆ ಹುಡುಗಿಯ ಕೈಗುಣ ತಿಳಿಯುತ್ತಿತ್ತಂತೆ. ನಮ್ಮಲ್ಲಿ ಹಾಡು ಹೇಳಿಸಿದ್ದಕ್ಕಿಂತ ಇದು ಮೇಲೆಂದು ನನಗೆ ತೋರಿತು.

ಆ ಕೈಗುಣ ಕಾಗದಕ್ಕೆ ಇಳಿದದ್ದು ತಡವಾಗಿ. ನ್ಯೋನ್ಯರು ಪಾಕದ ಗುಟ್ಟನ್ನು ಒಡವೆಯಂತೆ ಕಾಯುತ್ತಿದ್ದರು. ಸಿಂಗಪುರದ ಮೊದಲ ಪ್ರಧಾನಿ ಲೀ ಕುವಾನ್ ಯೂ ಅವರ ತಾಯಿ, ಶ್ರೀಮತಿ ಲೀ ಚಿನ್ ಕೂನ್, 1974ರಲ್ಲಿ ‘ಮಿಸೆಸ್ ಲೀಸ್ ಕುಕ್‌ಬುಕ್’ ಎಂಬ ಪುಸ್ತಕವನ್ನು ಪ್ರಕಟಿಸಿದರು. ಪಾಠಶಾಲೆ, ಉದ್ಯೋಗಗಳಿಗೆ ಹೊರಟ ಹೆಣ್ಣುಮಕ್ಕಳಿಗೆ ಅಡುಗೆಮನೆಯಲ್ಲಿ ವರುಷಗಟ್ಟಲೆ ಕೂತು ಕಲಿಯುವ ಬಿಡುವು ಆಗಲೇ ತಪ್ಪಿತ್ತು. ಆಕೆ 1980ರಲ್ಲಿ ತೀರಿಕೊಂಡರು; 2003ರಲ್ಲಿ ಮೊಮ್ಮಗಳು ಶರ್ಮೇ ಲೀ ಅದನ್ನು ಪರಿಷ್ಕರಿಸಿ ಮತ್ತೆ ಹೊರತಂದರು. ನಮ್ಮ ಮೂರನೆಯ ಮಂಗರಸ ಹದಿನಾರನೆಯ ಶತಮಾನದಲ್ಲಿಯೇ ಸೂಪಶಾಸ್ತ್ರವನ್ನು ಕನ್ನಡ ಪದ್ಯಗಳಲ್ಲಿ ಬರೆದಿಟ್ಟನೆಂದು ನಾನು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ. “ಅಳತೆ ಕೊಟ್ಟಿದ್ದಾನೆಯೇ?” ಎಂದು ಮೊಮ್ಮಗಳು ಕೇಳಿದಳು.

ಅವಳ ಕಷ್ಟವೆಲ್ಲ ಅಳತೆಯದೇ. ಶ್ರೀಮತಿ ಲೀ ಅವರ ಪುಸ್ತಕ ಕಪಾಟಿನಲ್ಲಿತ್ತು. ಅದರ ಪಕ್ಕದಲ್ಲಿ ಮಾಮಾ ಎಂದೋ ಬರೆದ ಲೆಕ್ಕದ ಪುಸ್ತಕ. ಅದರಲ್ಲಿ ‘ಹತ್ತು ಸೆಂಟಿನ ಮೆಣಸಿನಕಾಯಿ’ ಎಂದಿತ್ತು. ಯಾವ ವರ್ಷದ ಹತ್ತು ಸೆಂಟು? ನಮ್ಮ ತಾಯಂದಿರ ‘ಒಂದಾಣೆಯ ಕೊತ್ತಂಬರಿ’ಯೂ ಹೀಗೆಯೇ ಅಲ್ಲವೆ? ಕೇಳಿದರೆ ಮಾಮಾ ಹೇಳುವ ಉತ್ತರ ಒಂದೇ: ‘ಅಗಾಕ್-ಅಗಾಕ್’. ಅಂದಾಜು, ಕಣ್ಣಳತೆ ಎಂದು ಅರ್ಥ. ಆದಕಾರಣ ಮೊಮ್ಮಗಳು ಅಜ್ಜಿಯ ಕೈ ಪಾತ್ರೆಯ ಮೇಲೆ ಬರುವಷ್ಟರಲ್ಲಿ ಮಣಿಕಟ್ಟು ಹಿಡಿದು ನಿಲ್ಲಿಸಿ, ಮುಷ್ಟಿಯಲ್ಲಿದ್ದುದನ್ನು ತಕ್ಕಡಿಗೆ ಸುರಿಸಿ, ತೂಕ ಬರೆದುಕೊಂಡು, ಮತ್ತೆ ಪಾತ್ರೆಗೆ ಹಾಕುತ್ತಿದ್ದಳು. ಮುದುಕಿಗೆ ಇದು ತಮಾಷೆಯಾಗಿತ್ತು.

ಅಂದಿನ ಮುಖ್ಯ ಭಕ್ಷ್ಯ ‘ಆಯಮ್ ಬುವಾ ಕೆಲುವಾಕ್’, ಅಂದರೆ ಕೆಲುವಾಕ್ ಕಾಯಿ ಹಾಕಿದ ಕೋಳಿಯ ಸಾರು. ಕೆಪಾಯಂಗ್ ಎಂಬ ಕಾಡುಮರದ ಈ ಬೀಜ ಹಸಿಯಾಗಿರುವಾಗ ಕೊಲ್ಲುವ ವಿಷ. ಅದರಲ್ಲಿ ಹೈಡ್ರೊಸಯನಿಕ್ ಆಮ್ಲವಿದೆ. ಇಂಡೊನೇಷ್ಯದಲ್ಲಿ ಅದನ್ನು ಬೇಯಿಸಿ, ಬೂದಿಯಲ್ಲಿ ಸುಮಾರು ನಲವತ್ತು ದಿನ ಹೂತಿಡುತ್ತಾರೆ. ಬಿಳಿಯ ತಿರುಳು ಕಪ್ಪಾಗುತ್ತದೆ, ವಿಷ ಕಳೆಯುತ್ತದೆ. ಸಿಂಗಪುರಕ್ಕೆ ಬಂದಮೇಲೂ ದಿನವೂ ನೀರು ಬದಲಿಸುತ್ತ ಹಲವು ದಿನ ನೆನೆಸಿ, ಚಿಪ್ಪನ್ನು ಉಜ್ಜಿ ತೊಳೆದು, ಒಂದು ಕಡೆ ಬಾಯಿ ಕೊರೆದು, ತಿರುಳನ್ನು ತೋಡಿ ತೆಗೆದು, ಸಿಗಡಿಯೊಡನೆ ಕುಟ್ಟಿ ಮತ್ತೆ ಅದೇ ಚಿಪ್ಪಿಗೆ ತುಂಬಬೇಕು. ಒಂದೇ ಒಂದು ಕಹಿ ಕಾಯಿ ಸೇರಿದರೂ ಇಡೀ ಪಾತ್ರೆ ಕೆಟ್ಟಿತು! ಆದುದರಿಂದ ಪ್ರತಿಯೊಂದು ಕಾಯಿಯ ತಿರುಳನ್ನೂ ಮೂಸಿ, ನಾಲಿಗೆಗೆ ತಾಗಿಸಿ ನೋಡಲೇಬೇಕು.

ಈ ಕೆಲಸ ಯಾವಾಗಲೂ ಮಾಮಾರದು. ಆದರೆ ಕಾಯಿಲೆಯೊಂದರ ಬಳಿಕ ಅವರಿಗೆ ವಾಸನೆ ತಿಳಿಯುವುದಿಲ್ಲ, ನಾಲಿಗೆಯೂ ಮಂದ. ಆ ವರ್ಷ ಮೊದಲ ಬಾರಿಗೆ ಮೊಮ್ಮಗಳು ನೋಡಬೇಕಾಗಿತ್ತು. ನಾಲ್ಕನೆಯ ಕಾಯಿಗೆ ಮುಖ ಕಿವುಚಿ ಎಸೆದಳು. ಏಳನೆಯದಕ್ಕೆ ಅನುಮಾನಿಸಿ ಅಜ್ಜಿಯ ಮುಂದೆ ಹಿಡಿದಳು. ಮುದುಕಿ ತಿರುಳನ್ನು ಬೆರಳಿನಲ್ಲಿ ತಿಕ್ಕಿ ನೋಡಿ, “ನನ್ನನ್ನೇಕೆ ಕೇಳುತ್ತೀಯೆ ಮಗು? ನಿನ್ನ ನಾಲಿಗೆ ಏನು ಹೇಳುತ್ತದೆ?” ಎಂದರು. ಹುಡುಗಿ ಇನ್ನೊಮ್ಮೆ ರುಚಿ ನೋಡಿ ಅದನ್ನೂ ಎಸೆದಳು. ತಕ್ಕಡಿಯನ್ನು ಆಗಲೇ ಮೂಲೆಗೆ ಸರಿಸಿಯಾಗಿತ್ತು.

ನಾವು ಶಾಕಾಹಾರಿಗಳು, ಆ ಕಪ್ಪು ತಿರುಳಿನ ರುಚಿಯನ್ನು ವರ್ಣಿಸುವ ಅಧಿಕಾರ ನನಗಿಲ್ಲ. ನಮಗಾಗಿ ಸಿಹಿತಿಂಡಿಗಳು ಬೇರೆ ಸಿದ್ಧವಾಗಿದ್ದವು. ಓಂಡೆ-ಓಂಡೆ ನಮ್ಮ ಕಡುಬಿನ ದಾಯಾದಿ: ಅಂಟಕ್ಕಿಯ ಹಿಟ್ಟಿನ ಹಸಿರು ಉಂಡೆಯೊಳಗೆ ತೆಂಗಿನ ಹೊಂಬಾಳೆಯ ರಸದಿಂದ ಕಾಸಿದ ಗುಲಾ ಮೆಲಾಕಾ ಎಂಬ ಬೆಲ್ಲ, ಹೊರಗೆ ಹೊರಳಿಸಿದ ಕಾಯಿತುರಿ. ಬಾಯಿಗಿಟ್ಟರೆ ಬೆಲ್ಲ ಒಡೆದು ಹರಿಯುತ್ತದೆ. ಹಸಿರು ಬಂದದ್ದು ನಮ್ಮ ಕೇದಗೆಯ ಕುಲದ್ದೇ ಆದ ಪಂಡಾನ್ ಎಲೆಯ ರಸದಿಂದ. ಇನ್ನೊಂದು ತಟ್ಟೆಯಲ್ಲಿ ತೆಂಗಿನ ಹಾಲಿನಲ್ಲಿ ಬೆಂದ ಅಂಟಕ್ಕಿ, ಅಲ್ಲಲ್ಲಿ ಮಸಿನೀಲಿ. ಬಣ್ಣ ಶಂಖಪುಷ್ಪದ್ದು! ಪೂಜೆಗೆ ಮಾತ್ರ ಕಿತ್ತು ತರುವ ಹೂವನ್ನು ಅನ್ನಕ್ಕೆ ಹಾಕಬಹುದೆಂದು ನಮಗಾರಿಗೆ ತೋಚಿತ್ತು? ನನ್ನ ಪತ್ನಿ ಕ್ರಮವನ್ನು ಕೇಳಿ ಬರೆದುಕೊಂಡಳು; ಅಳತೆ, ಹೇಳಬೇಕಾಗಿಲ್ಲ, ಅಗಾಕ್-ಅಗಾಕ್.

ಎಲ್ಲ ಭಕ್ಷ್ಯಗಳನ್ನೂ ಮೊದಲು ಅಜ್ಜನ ಭಾವಚಿತ್ರದ ಮುಂದಿಟ್ಟು ಊದುಬತ್ತಿ ಹಚ್ಚಿದರು. ಪಿತೃಗಳ ಊಟ ಮುಗಿಯಿತೇ ಎಂದು ಕೇಳಲು ಇವರಲ್ಲಿ ಒಂದು ಪದ್ಧತಿಯುಂಟು. ಎರಡು ನಾಣ್ಯಗಳನ್ನು ಕೆಳಕ್ಕೆ ಹಾಕುತ್ತಾರೆ. ಒಂದು ತಲೆ, ಒಂದು ಬಾಲ ಬಿದ್ದರೆ ತೃಪ್ತಿಯಾಯಿತೆಂದು ಅರ್ಥ. ಮಾಮಾ ನಾಣ್ಯಗಳನ್ನು ಮೊಮ್ಮಗಳ ಕೈಗೆ ಕೊಟ್ಟರು. ಮೊದಲ ಸಲ ಎರಡೂ ಒಂದೇ ಬಗೆಯಾಗಿ ಬಿದ್ದವು. ಹುಡುಗಿಯ ಮುಖ ಸಣ್ಣದಾಯಿತು. ಕಾಲು ಗಂಟೆ ಕಾದು ಮತ್ತೆ ಹಾಕಿದಳು. ಒಂದು ತಲೆ, ಒಂದು ಬಾಲ.

“ಅವರದು ಎಂದಿಗೂ ನಿಧಾನದ ಊಟವೇ,” ಎಂದು ಹೇಳಿ ಮುದುಕಿ ತಮ್ಮ ತಟ್ಟೆಯನ್ನು ಮುಂದಕ್ಕೆ ಚಾಚಿದರು.