ಮಳೆ ಬಂದಾಗ ಮನೆ ನೋಡಿ

ಮನೆ ತೋರಿಸೋ ಬ್ರೋಕರ್‌ಗಳು ಭಾನುವಾರ ಬೆಳಗ್ಗೆ ಹನ್ನೊಂದಕ್ಕೇ ಯಾಕೆ ಕರೀತಾರೆ ಅಂತ ಯೋಚಿಸಿದ್ದೀರಾ? ಆಗ ರೋಡಲ್ಲಿ ಟ್ರಾಫಿಕ್ ಇರಲ್ಲ, ಬೆಳಕು ಚೆನ್ನಾಗಿರುತ್ತೆ, ಪಕ್ಕದ ಸೈಟಲ್ಲಿ ಗಾರೆ ಕೆಲಸಕ್ಕೂ ರಜ. ನಮ್ಮ ಆಫೀಸ್ ಭಾಷೇಲಿ ಹೇಳೋದಾದ್ರೆ ಇದು ಡೆಮೋ. ಡೆಮೋದಲ್ಲಿ ಎಲ್ಲವೂ ಕೆಲಸ ಮಾಡುತ್ತೆ. ಪ್ರೊಡಕ್ಷನ್ ಹೇಗಿದೆ ಅಂತ ತಿಳೀಬೇಕಂದ್ರೆ ಮಂಗಳವಾರ ಸಂಜೆ ಏಳೂವರೆಗೆ ಹೇಳದೆ ಕೇಳದೆ ಹೋಗಬೇಕು.

ಎರಡು ವರ್ಷದಿಂದ ನಾನು, ನನ್ನ ಹೆಂಡತಿ ಬೆಂಗಳೂರಲ್ಲಿ ಮನೆ ನೋಡ್ತಾನೇ ಇದ್ದೀವಿ. ಬ್ಯಾಗಲ್ಲಿ ಯಾವಾಗಲೂ ಒಂದು ಟೇಪು, ಫೋನ್ ಚಾರ್ಜರ್, ಮಗಳದ್ದೊಂದು ಗೋಲಿ. ಚಾರ್ಜರ್ ಪ್ರತಿ ಪ್ಲಗ್ಗಿಗೂ ಹಾಕಿ ನೋಡೋಕೆ. ಗೋಲಿ ಬಚ್ಚಲಿಗೆ, ನೆಲದ ವಾಟ ನೀರು ಹೋಗೋ ಕಡೆಗಿದೆಯೋ ಬಾಗಿಲ ಕಡೆಗಿದೆಯೋ ಅಂತ ಅದು ಉರುಳಿ ಹೇಳುತ್ತೆ. ಟೇಪಿನ ಕತೆ ಬೇರೆ. 1,250 ಚದರಡಿ ಅಂದಿದ್ದ ಒಂದು ಫ್ಲ್ಯಾಟನ್ನ ಅಳೆದರೆ ಒಳಗೆ ಸಿಕ್ಕಿದ್ದು 870. ಬಾಕಿಯೆಲ್ಲ ಗೋಡೆ, ಮೆಟ್ಟಿಲು, ಲಿಫ್ಟಲ್ಲಿ ನಮ್ಮ ಪಾಲಂತೆ! 2016ರ ರೇರಾ ಕಾಯ್ದೆ ಬಂದ ಮೇಲೆ ಬಾಲ್ಕನಿ ಬಿಟ್ಟು ಕಾರ್ಪೆಟ್ ಏರಿಯಾ ಲೆಕ್ಕ ಕೊಡಬೇಕು ಅಂತಿದೆ. ಆದ್ರೆ ಹಳೇ ಫ್ಲ್ಯಾಟ್ ಕೈ ಬದಲಾಗುವಾಗ ನಮ್ಮ ಟೇಪೇ ಗತಿ.

ನೀರಿನ ವಿಷಯ ಮಾತ್ರ ಬ್ರೋಕರ್‌ನ ಕೇಳಲೇಬೇಡಿ, ವಾಚ್‌ಮನ್‌ನ ಕೇಳಿ. "ನೀರಿದ್ಯಾ?" ಅಂದ್ರೆ ಅವನೂ ಇದೆ ಅಂತಾನೆ. "2024ರ ಬೇಸಿಗೇಲಿ ದಿನಕ್ಕೆ ಎಷ್ಟು ಟ್ಯಾಂಕರ್ ಬರ್ತಿತ್ತು?" ಅಂತ ಕೇಳಿ. ಲೆಕ್ಕ ಅವನ ಬಾಯಲ್ಲೇ ಇರುತ್ತೆ.

ಇಷ್ಟೆಲ್ಲ ಪರೀಕ್ಷೆ ಪಾಸಾದ ಒಂದು ಮನೆ ಕೊನೆಗೂ ಸಿಕ್ತು. ಹೆಣ್ಣೂರು ಕಡೆ, ಮೂರನೇ ಮಹಡಿ, 82 ಲಕ್ಷ. ಬಾಲ್ಕನಿಗೆ ತಾಗಿದ ಹಾಗೆ ಹೊಂಗೆ ಮರ. ಮಗಳು ಆಗಲೇ ಕಿಟಕಿ ಪಕ್ಕದ ರೂಮು ನಂದು ಅಂತ ಘೋಷಿಸಿಬಿಟ್ಟಿದ್ದಳು. ಬ್ಯಾಂಕಿನವರೂ ಸಾಲ ಕೊಡ್ತೀವಿ ಅಂದಿದ್ರು. ಕೈಯಿಂದ ಹಾಕೋ ದುಡ್ಡಿಗೆ ತಿಪಟೂರು ಹತ್ರದ ನಮ್ಮ ತೋಟದಲ್ಲಿ ಒಂದೆಕರೆ ಮಾರ್ತೀನಿ ಅಂತ ಅಪ್ಪನೇ ಹೇಳಿದ್ದ. ಮೂವತ್ತು ವರ್ಷ ನೀರು ಹಾಯಿಸಿದ ತೆಂಗು. ಅದಕ್ಕೇ ಅಡ್ವಾನ್ಸ್ ಕೊಡೋಕೆ ಮುಂಚೆ ನೀನೊಂದ್ಸಲ ಬಂದು ನೋಡು ಅಂತ ಕರೆಸಿದೆ. ಬಂದ ದಿನ ಬೆಳಗ್ಗೆಯಿಂದಲೂ ಮಳೆ.

ಅಪ್ಪ ಅಡುಗೆಮನೆ ನೋಡಲಿಲ್ಲ, ಮಾಡ್ಯುಲರ್ ಗೀಡ್ಯುಲರ್ ಏನೂ ಕೇಳಲಿಲ್ಲ. ಛತ್ರಿ ಹಿಡ್ಕೊಂಡು ಕಟ್ಟಡದ ಸುತ್ತ ಎರಡು ಸುತ್ತು ಹಾಕಿದ. ಹಿಂದುಗಡೆ ಕಾಂಪೌಂಡ್ ಹತ್ರ ನಿಂತು, "ಈ ಗೋಡೆಗೆ ಸೊಂಟದ ಗಂಟ ಮಾತ್ರ ಹೊಸ ಬಣ್ಣ ಯಾಕೆ ಬಳಿದವ್ರೆ?" ಅಂದ. ಆಚೆ ಸಿಮೆಂಟಿನ ಚರಂಡಿ ತುಂಬಿ ಹರೀತಿತ್ತು. "ಇದು ಮೋರಿ ಅಲ್ಲ ಕಣೋ, ಹಳ್ಳ. ಮೇಲಿಂದ ಭೂಮಿ ಹೆಂಗೆ ಇಳೀತದೆ ನೋಡು."

"ಮೂರನೇ ಮಹಡಿಗೆ ನೀರು ಬರಲ್ಲ ಯಜಮಾನ್ರೇ" ಅಂತ ಬ್ರೋಕರ್ ನಕ್ಕ.

"ಕೆಳಗೆ ಇಳಿಯೋದೇ ಇಲ್ವಾ ಇವ್ರು?" ಅಂದ ಅಪ್ಪ.

ಅವತ್ತು ರಾತ್ರಿ ಕಂದಾಯ ಇಲಾಖೆಯ ವೆಬ್‌ಸೈಟಲ್ಲಿ ಆ ಊರಿನ ಹಳೇ ಗ್ರಾಮ ನಕ್ಷೆ ಇಳಿಸಿಕೊಂಡು, ಕ್ರಯಪತ್ರದಲ್ಲಿದ್ದ ಸರ್ವೆ ನಂಬರ್ ಹುಡುಕಿದೆ. ಹಳ್ಳದ ಗೆರೆ ಆ ನಂಬರಿನ ಒಳಗಿಂದಲೇ ಕೆರೆ ಕಡೆ ಹೋಗಿತ್ತು. 2022ರ ಸೆಪ್ಟೆಂಬರ್ ಮಳೇಲಿ ಸರ್ಜಾಪುರ ರಸ್ತೆ ಕಡೆ ಟೆಕ್ಕಿಗಳು ಟ್ರ್ಯಾಕ್ಟರ್ ಹತ್ತಿದ್ದು ನಿಮಗೆ ನೆನಪಿರಬೇಕು. ಅದರ ಹಿಂದೆಯೇ ರಾಜಕಾಲುವೆ ಒತ್ತುವರಿ ಅಂತ ಜೆಸಿಬಿಗಳು ಬಂದವು. ಬ್ಯಾಂಕ್ ಸಾಲ ಕೊಡುತ್ತೆ ಅನ್ನೋದು ಜೆಸಿಬಿಯವನಿಗೆ ಉತ್ತರ ಆಗಲ್ಲ.

ನನ್ನ ಹೆಂಡತಿ ಆ ನಕ್ಷೆಯನ್ನ ತುಂಬಾ ಹೊತ್ತು ನೋಡಿದಳು. "ಮರ ಚೆನ್ನಾಗಿತ್ತು" ಅಂದಳು, ಅಷ್ಟೇ. ಬೆಳಗ್ಗೆ ಬ್ರೋಕರ್‌ಗೆ ಬೇಡ ಅಂತ ಫೋನ್ ಮಾಡಿದೆ. ನಾಲ್ಕು ಲಕ್ಷ ಇಳಿಸ್ತೀವಿ ಅಂದ. ಇಷ್ಟು ಬೇಗ ಇಳಿದಿದ್ದು ನೋಡಿ ನನಗೆ ಇನ್ನೂ ಖಾತ್ರಿಯಾಯ್ತು. ಮಗಳು ಮಾತ್ರ ಎರಡು ದಿನ ನನ್ನ ಜೊತೆ ಮಾತು ಬಿಟ್ಟಿದ್ದಳು.

ಈ ಶನಿವಾರ ವಿದ್ಯಾರಣ್ಯಪುರದ ಹತ್ರ ಇನ್ನೊಂದು ಮನೆ ನೋಡೋದಿದೆ. ಅಪ್ಪನಿಗೆ ಹೇಳಿದೆ. "ಮೊದಲು ನೀವಿಬ್ರೂ ನೋಡ್ಕಂಡು ಬರ್ರಿ. ಜೋರು ಮಳೆ ಹಿಡೀತು ಅಂದ್ರೆ ಫೋನ್ ಮಾಡು, ಮೊದಲ ಬಸ್ಸಿಗೇ ಬತ್ತೀನಿ" ಅಂದ.