ಬಡಗಿಯ ಮೊಮ್ಮಗನ ಬಂಡಿ

ಹೊಳಲ್ಕೆರೆ ತಾಲೂಕಿನ ತಾಳ್ಯದಲ್ಲಿ ಬಂಡಿ ಕಟ್ಟುವ ವೃದ್ಧ ಬಡಗಿಯೊಬ್ಬನಿರುವನು. ಟ್ರ್ಯಾಕ್ಟರುಗಳು ಬಂದ ಮೇಲೆ ಅವನ ಅಂಗಳಕ್ಕೆ ಬಂಡಿಯನ್ನರಸಿ ಬರುವವರು ಕ್ರಮೇಣ ಇಲ್ಲವಾದರು. ಆದರೂ ಇನ್ನೊಂದು ಬಂಡಿಗೆ ಸಾಲುವಷ್ಟು ಕರಿಜಾಲಿಯ ತೊಲೆಗಳನ್ನು ಅವನು ಬಹುವರ್ಷಗಳಿಂದ ಒಣಗಿಸಿ ಕಾಪಾಡಿದ್ದನು. ಡಿಪ್ಲೊಮಾ ಓದುತ್ತಿದ್ದ ಮೊಮ್ಮಗನಿಗೆ ಯಂತ್ರವೊಂದು ಬೇಕಾದಾಗ ಮಗನು ಆ ತೊಲೆಗಳನ್ನೇ ಮಾರಿದನು. ವೃದ್ಧನು ಎದುರಾಡಲಿಲ್ಲ, ಮೊಮ್ಮಗನೊಡನೆ ಮಾತನ್ನು ಮಾತ್ರ ನಿಲ್ಲಿಸಿದನು.

ಆ ಯಂತ್ರವು ಅಕ್ಷರಗಳನ್ನಲ್ಲ, ವಸ್ತುಗಳನ್ನೇ ಅಚ್ಚೊತ್ತತಕ್ಕುದು. 1.75 ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಎಳೆಯನ್ನು ಸುಮಾರು 200 ಡಿಗ್ರಿ ಶಾಖದಲ್ಲಿ ಕರಗಿಸಿ, ಸೂಕ್ಷ್ಮರಂಧ್ರದಿಂದ ಶಾವಿಗೆಯಂತೆ ಹೊರಡಿಸಿ, ಪದರದ ಮೇಲೆ ಪದರವನ್ನಿಡುತ್ತ ಬೇಕಾದ ಆಕಾರವನ್ನು ನಿರ್ಮಿಸುವುದು. ಪಿ.ಎಲ್.ಎ. ಎಂಬ ಆ ದ್ರವ್ಯವನ್ನು ಮೆಕ್ಕೆಜೋಳದ ಪಿಷ್ಟದಿಂದಲೂ ಮಾಡುವರೆಂಬುದು ಮೆಕ್ಕೆಜೋಳವನ್ನು ಬೆಳೆಯುವ ಈ ಸೀಮೆಯವರಿಗೆ ಸೋಜಿಗವಲ್ಲವೇ? 2005ರಲ್ಲಿ ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ಏಡ್ರಿಯನ್ ಬೋಯರ್ ಎಂಬವರು ಆರಂಭಿಸಿದ ರೆಪ್‌ರ್ಯಾಪ್ ಯೋಜನೆಯಿಂದ ಇಂಥ ಯಂತ್ರವು ಸಾಮಾನ್ಯ ಗೃಹಗಳಿಗೂ ಎಟುಕುವಂತಾಯಿತು.

ತರುಣನು ಕಟ್ಟತೊಡಗಿದುದು ಗಾಲಿಗೆ ಪ್ರತಿಯಾಗಿ ಸರಪಳಿಪಟ್ಟಿಗಳ ಮೇಲೆ ನಡೆಯುವ ಪುಟ್ಟ ರೋಬೋಟು. ಮೆತುನೆಲದಲ್ಲಿ ಗಾಲಿ ಹೂಳುವುದು. ಪಟ್ಟಿಯಾದರೋ ಭಾರವನ್ನು ಹರಡುವುದು. 1904ರಲ್ಲಿ ಕ್ಯಾಲಿಫೋರ್ನಿಯದ ಬೆಂಜಮಿನ್ ಹೋಲ್ಟ್ ತನ್ನ ಉಗಿಯಂತ್ರಕ್ಕೆ ಪಟ್ಟಿಗಳನ್ನು ತೊಡಿಸಿದುದು ಈ ಕಾರಣದಿಂದಲೇ. ತಾಳ್ಯದ ರೋಬೋಟಿನ ತೂಕ 3 ಕಿಲೋಗ್ರಾಂ. ಎರಡು ಪಟ್ಟಿಗಳು ನೆಲವನ್ನು ಮುಟ್ಟುವ ವಿಸ್ತಾರ 160 ಚದರ ಸೆಂಟಿಮೀಟರ್. ಎಂದರೆ ಚದರ ಸೆಂಟಿಮೀಟರಿಗೆ 19 ಗ್ರಾಂ ಭಾರವೂ ಬೀಳದು. ಕೊಂಡಿಗಳನ್ನು ಪೋಣಿಸುವುದಕ್ಕೆ ಹಳೆಯ ಸೈಕಲ್ಲಿನ ಕಡ್ಡಿಗಳು ಒದಗಿದವು.

ಲೆಕ್ಕವು ಸರಿಯಾಗಿದ್ದಿತು, ಬಂಡಿ ಮಾತ್ರ ನಡೆಯಲಿಲ್ಲ. ಮಳೆಯಾದ ಮರುದಿನ ಎರೆಹೊಲದಲ್ಲಿ ಹತ್ತು ಮಾರು ಹೋಗುವಷ್ಟರಲ್ಲಿ ಕೊಂಡಿಯೊಂದು ಸೀಳಿತು. ದಪ್ಪಗೆ ಮಾಡಿದರೂ ಸೀಳಿತು. ಮೂರನೆಯ ಸಲ ನೆರೆದವರು ನಕ್ಕರು. ತರುಣನು ತುಂಡುಗಳನ್ನು ಜಗಲಿಯ ಮೇಲೆಸೆದು ಒಳಹೊಕ್ಕನು.

ವೃದ್ಧನು ಒಂದು ತುಂಡನ್ನೆತ್ತಿ ಉಗುರಿನಿಂದ ಗೀಚಿ, ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದನು. ತಿಂಗಳುಗಳ ಮೇಲೆ ಅವನ ಮೊದಲ ಮಾತು ಹೊರಟಿತು: “ಮಗಾ, ಇದ್ರಾಗೂ ಮರದಂಗೆ ಎಳೆ ಐತಲ್ಲೋ! ಎಳೆಗುಂಟ ಸೀಳೈತೆ ನೋಡು. ನಿಲ್ಲಿಸಿ ಮಾಡೀಯ, ಮಲಗಿಸಿ ಮಾಡು.”

ಯಥಾರ್ಥವೂ ಅದೇ. ಪದರದೊಳಗಿನ ಬಂಧ ದೃಢ. ಪದರಪದರಗಳ ನಡುವಣ ಬಂಧ ದುರ್ಬಲ. ನಿಲ್ಲಿಸಿ ಅಚ್ಚೊತ್ತಿದ ಕೊಂಡಿಯಲ್ಲಿ ಎಳೆತವು ಪದರಗಳನ್ನು ಬಿಡಿಸುವಂತೆ ಬೀಳುತ್ತಿದ್ದಿತು. ಅಡ್ಡ ಮಲಗಿಸಿದರೆ ಅದೇ ಎಳೆತವು ಪದರಗಳ ಉದ್ದಕ್ಕೆ ಹರಿಯುವುದು. ನೊಗವನ್ನು ಕಡೆವ ಬಡಗಿ ಮರದ ಎಳೆಯನ್ನು ಮೊದಲು ನೋಡುವುದು ಇದಕ್ಕಾಗಿಯೇ.

“ಅಜ್ಜಾ, ತೊಲೆಗಳು...” ಎಂದು ತರುಣನು ತೊದಲಿದನು. “ಅವು ಹೋದುವು ಬಿಡು,” ಎಂದನು ವೃದ್ಧನು.

ಮುಂದಿನ ವಾರ ರೋಬೋಟು ಹೊಲವನ್ನು ದಾಟಿತು. ಹೊರೆಗೆ ಕಲ್ಲನ್ನು ಹುಡುಕುತ್ತಿದ್ದವರನ್ನು ತಡೆದು ವೃದ್ಧನು ಒಳಗಿನಿಂದ ತನ್ನ ಬಾಚಿಯನ್ನು ತಂದು ಅದರ ಮೇಲಿಟ್ಟನು. ಅದು ಹೊತ್ತು ನಡೆಯಿತು. ಅವನು ಬದುವಿನ ಮೇಲೆ ಅದರ ಜೊತೆಯಲ್ಲಿಯೇ, ಎತ್ತಿನ ಪಕ್ಕದಲ್ಲಿ ನಡೆವಂತೆ, ನಡೆದನು.